ಕಿಸೆಯ ಟಾರ್ಚು, ಎಲಿವೇಟರಿನ ಗುಂಡಿ

ಟಾರ್ಚು ಆಯ್ಕೆ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಒಬ್ಬನ ಮೂರು ಬೆರಳು ಹೋದ ಮೇಲೆ.

ನಾನಾಗ ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ ಫಿಟರ್ ಆಗಿದ್ದೆ. ಭತ್ತವನ್ನು ನೆಲದಿಂದ ಮೇಲಿನ ಅಟ್ಟಕ್ಕೆ ಎತ್ತುವ ಯಂತ್ರಕ್ಕೆ ನಾವು ಎಲಿವೇಟರ್ ಎನ್ನುತ್ತೇವೆ. ಉದ್ದನೆಯ ಪಟ್ಟಿಗೆ ಸಾಲಾಗಿ ಬಟ್ಟಲು ಜೋಡಿಸಿರುತ್ತಾರೆ. ಮೇಲೊಂದು ಗಾಲಿ, ಕೆಳಗೊಂದು ಗಾಲಿ. ಕೆಳಗಿನ ಗಾಲಿ ಇರುವುದು ಆಳೆತ್ತರದ ಗುಂಡಿಯೊಳಗೆ. ಅದರ ಪಕ್ಕದಲ್ಲೇ ಭತ್ತ ನೂಕುವ ತಿರುಪನ್ನು ತಿರುಗಿಸುವ ಚೈನು, ಹಲ್ಲುಗಾಲಿ. ನಡುಮಧ್ಯಾಹ್ನದಲ್ಲೂ ಅಲ್ಲಿ ಕತ್ತಲೆ. ಗುಂಡಿಗೆ ಬಲ್ಬು ಹಾಕಿದರೆ ಅದರ ಮೇಲೆ ತೌಡಿನ ಧೂಳು ಕೂತು, ಯಂತ್ರದ ನಡುಕಕ್ಕೆ ವೈರು ಸಡಿಲಾಗಿ, ತಿಂಗಳು ತುಂಬುವುದರೊಳಗೆ ಹೋಗುತ್ತಿತ್ತು. ಹೊಸದು ಹಾಕುವುದನ್ನು ನಾವೇ ಬಿಟ್ಟೆವು.

ಬೇರಿಂಗುಗಳಿಗೆ ಗ್ರೀಸು ಹಾಕುವವನು ಮಾಸೂರಿನ ಕಡೆಯವನು. ಮೂವತ್ತರ ಆಸುಪಾಸು, ಮಾತು ಕಡಿಮೆ. ಗಿರಣಿಯ ಹಿಂದಿನ ಖೋಲಿಯಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಹೋಗಿ ಬರುತ್ತಿದ್ದ. ಅವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಎಡಗೈಯಲ್ಲಿ ಮೊಬೈಲಿನ ಬೆಳಕು, ಬಲಗೈಯಲ್ಲಿ ಗ್ರೀಸ್ ಗನ್ನು ಹಿಡಿದು ಗುಂಡಿಗೆ ಇಳಿದ. ಯಂತ್ರ ಓಡುತ್ತಿತ್ತು. ನಮ್ಮಲ್ಲಿ ಗ್ರೀಸಿಗೆಂದು ಯಾರೂ ಯಂತ್ರ ನಿಲ್ಲಿಸುತ್ತಿರಲಿಲ್ಲ; ಎಲಿವೇಟರ್ ನಿಂತರೆ ಅದರ ಹಿಂದಿನದೆಲ್ಲ ನಿಲ್ಲುತ್ತದೆ, ಮತ್ತೆ ದಾರಿಗೆ ಬರಲು ಅರ್ಧ ತಾಸು ಬೇಕು. ನಾನು ಮೇಲಿನ ಅಟ್ಟದಲ್ಲಿದ್ದೆ. ಕೂಗು ಕೇಳಿ ಓಡಿಬಂದು ಸ್ವಿಚ್ ಎಳೆಯುವಷ್ಟರಲ್ಲಿ ಚೈನು ತನ್ನ ಕೆಲಸ ಮುಗಿಸಿತ್ತು.

ಅವನನ್ನು ಹಾನಗಲ್ಲಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು.

ಆರೇಳು ದಿನಗಳ ಮೇಲೆ ಗಿರಣಿಯ ಮಾಲೀಕರು ನನ್ನನ್ನು ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಬೆಂಚಿನ ಮೇಲೆ ಕಳೆದವರು. ಆದರೆ ಅವತ್ತು ಹೆದರಿದ್ದರು.

"ಫ್ಯಾಕ್ಟರಿ ಇಲಾಖೆಯವ್ರು ಬರಾವರದಾರ," ಎಂದರು. "ಇನ್ನ ಒಬ್ಬೊಬ್ಬರ ಕಿಸೇದಾಗೂ ಒಂದೊಂದು ಸಣ್ಣ ಬ್ಯಾಟರಿ ಇರಬೇಕು. ಚಾರ್ಜ್ ಮಾಡೂವಂಥಾದ್ದು. ಯಾವದು ತಡೀತದ ಅನ್ನೂದು ನೀ ನೋಡಿ ಎರಡ ಹಾಳಿ ಬರದು ಕೊಡು. ಕತ್ತಲಿ ಇದ್ದದ್ದಕ್ಕ ಹಿಂಗಾತು, ಮೊಬೈಲ್ ಹಿಡಕೊಂಡು ಇಳದದ್ದು ಅವನ ತಪ್ಪು, ಈಗ ಎಲ್ಲಾರಿಗೂ ಬ್ಯಾಟರಿ ಕೊಟ್ಟೇವಿ. ಇಷ್ಟ ಬರಬೇಕು."

"ಆತ್ರಿ ಸಾವ್ಕಾರ್ರ," ಎಂದೆ.

ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತ್ತು. ಆ ದಿನಗಳಲ್ಲಿ ಕೈಗೆ ಏನಾದರೂ ಕೆಲಸ ಬೇಕಿತ್ತು, ಕಣ್ಣು ಬೇರೆ ಕಡೆ ಇಡಲು ಏನಾದರೂ ಬೇಕಿತ್ತು.

ನಾಲ್ಕು ಟಾರ್ಚು ತರಿಸಿದೆ. ಎರಡು ಹಾನಗಲ್ಲಿನ ಅಂಗಡಿಯಿಂದ, ಒಂದು ಸವಣೂರಿನಿಂದ, ಇನ್ನೊಂದು ಮೊಬೈಲಿನಲ್ಲಿ ಆರ್ಡರ್ ಮಾಡಿದ್ದು. ಎಲ್ಲವೂ ಗೇಣಿಗಿಂತ ಚಿಕ್ಕವು, ಅಂಗಿಯ ಕಿಸೆಯಲ್ಲಿ ಕೂರುವಂಥವು. ಮೈಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಒಂದರಿಂದ ನಾಲ್ಕರವರೆಗೆ ಗುರುತು ಮಾಡಿಕೊಂಡೆ.

ಡಬ್ಬಿಯ ಮೇಲೆ ಬರೆದ ಲುಮೆನ್, ಅಂದರೆ ಬೆಳಕಿನ ಪ್ರಮಾಣವನ್ನು ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ಸಾಮಾನಿನ ಖೋಲಿಯ ಬಾಗಿಲು ಹಾಕಿ, ಗೋಡೆಗೆ ಒಂದು ಖಾಲಿ ಚೀಲ ತೂಗುಹಾಕಿ, ಹದಿನೈದು ಹೆಜ್ಜೆ ದೂರದ ಮೇಜಿನ ಮೇಲೆ ಟಾರ್ಚು ಇಟ್ಟೆ. ಚೀಲದ ಮೇಲಿನ ಸಣ್ಣಕ್ಷರ ಎಷ್ಟು ಹೊತ್ತು ಓದಲು ಬರುತ್ತದೆ ಎಂದು ಕೈಗಡಿಯಾರ ನೋಡಿ ಬರೆದುಕೊಂಡೆ. ಒಂದನೆಯದು ಹೊತ್ತಿಸಿದರೆ ಕಣ್ಣು ಕುಕ್ಕುವಂತಿತ್ತು. ಮೂರು ನಿಮಿಷವಾಗುವುದರೊಳಗೆ ಮೈಯೆಲ್ಲ ಬಿಸಿಯಾಗಿ, ಬೆಳಕು ತಾನಾಗಿಯೇ ಅರ್ಧಕ್ಕಿಳಿಯಿತು. ಅಂಗಡಿಯಲ್ಲಿ ಕೊಳ್ಳುವವನು ನೋಡುವುದು ಆ ಮೂರು ನಿಮಿಷವನ್ನಷ್ಟೇ. ಮೂರನೆಯದರ ಬೆಳಕು ಮೊದಲಿನಿಂದಲೂ ಸಾಧಾರಣ, ಆದರೆ ಎರಡೂವರೆ ತಾಸು ಕಳೆದರೂ ಅಕ್ಷರ ಕಾಣುತ್ತಿತ್ತು.

ಆಮೇಲೆ ಧೂಳು. ಅಕ್ಕಿ ಗಿರಣಿಯಲ್ಲಿ ನೀರಿಗಿಂತ ತೌಡು ಕೆಟ್ಟದ್ದು. ಅದರಲ್ಲಿ ಎಣ್ಣೆಯ ಅಂಶವಿದೆ, ಸಂದಿಗೆ ಹೊಕ್ಕರೆ ಗಟ್ಟಿಯಾಗಿ ಕೂರುತ್ತದೆ. ನಾಲ್ಕನ್ನೂ ತೌಡು ತುಂಬಿದ ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ನಡುಗುವ ಜರಡಿಯ ಚೌಕಟ್ಟಿಗೆ ಒಂದು ಇಡೀ ಪಾಳಿ ಕಟ್ಟಿಬಿಟ್ಟೆ. ಬಿಚ್ಚಿ ನೋಡಿದರೆ ಎರಡನೆಯದರ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಹಾರಿಹೋಗಿತ್ತು. ತೂತಿನೊಳಗೆ ತೌಡು ಮೆತ್ತಿಕೊಂಡಿತ್ತು. ಸೂಜಿಯಿಂದ ಕೆರೆದೆ. ಪಿನ್ನು ಹೊಕ್ಕಿತು, ಚಾರ್ಜ್ ಏರಲಿಲ್ಲ. ಎರಡನೆಯದಕ್ಕೆ ಅಡ್ಡಗೆರೆ ಎಳೆದೆ.

ಒಂದನೆಯದು ಹೋದದ್ದು ನನ್ನ ತೊಡೆಯ ಮೇಲೆ. ಪ್ರತಿಯೊಂದನ್ನೂ ಎರಡೆರಡು ದಿನ ಕಿಸೆಯಲ್ಲಿಟ್ಟುಕೊಂಡೇ ಕೆಲಸ ಮಾಡಬೇಕೆಂದು ನಿಯಮ ಮಾಡಿಕೊಂಡಿದ್ದೆ. ಅದರ ಒತ್ತುಗುಂಡಿ ಪಕ್ಕದಲ್ಲಿತ್ತು. ಕುಕ್ಕರಗಾಲಲ್ಲಿ ಕೂತು ಬೋಲ್ಟು ಬಿಗಿಯುವಾಗ ಅದು ಪ್ಯಾಂಟಿನ ಕಿಸೆಯಲ್ಲೇ ಒತ್ತಿಕೊಂಡು ಹೊತ್ತಿದೆ. ಬಟ್ಟೆಗೆ ತಾಗಿದ ಗಾಜು ಕಾಯತೊಡಗಿದೆ. ಚುರ್ ಎಂದಾಗ ಎದ್ದು ಕಿತ್ತೆಸೆದೆ. ಖಾಕಿ ಬಟ್ಟೆಯಲ್ಲಿ ಹುಣಸೆಬೀಜದಷ್ಟು ಕಂದು ತೂತು, ಒಳಗೆ ಬೊಬ್ಬೆ. ಇದನ್ನೇ ಯಾರಾದರೂ ಕಿಸೆಯಲ್ಲಿಟ್ಟುಕೊಂಡು ತೌಡಿನ ಗೋದಾಮಿನಲ್ಲಿ ಮಧ್ಯಾಹ್ನದ ಊಟದ ನಂತರ ಹೊರಳಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಅದಕ್ಕೂ ಅಡ್ಡಗೆರೆ ಎಳೆದೆ.

ಉಳಿದವು ಮೂರು ಮತ್ತು ನಾಲ್ಕು. ನನ್ನ ಮನಸ್ಸು ನಾಲ್ಕನೆಯದರ ಮೇಲಿತ್ತು. ಅದರ ತಳದಲ್ಲಿ ಆಯಸ್ಕಾಂತವಿತ್ತು. ಯಂತ್ರದ ಮೈಗೆ ಅಂಟಿಸಿದರೆ ಎರಡೂ ಕೈ ಖಾಲಿ. ಫಿಟರನಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಓಡುವ ಯಂತ್ರದ ನಡುಕಕ್ಕೆ ಅದು ಮೆಲ್ಲಗೆ ಜಾರಿ ಜಾರಿ ಕಾಲು ತಾಸಿನಲ್ಲಿ ಕಳಚಿ ಬೀಳುತ್ತಿತ್ತು. ಆಯಸ್ಕಾಂತದ ತುಂಬ ಕಬ್ಬಿಣದ ಪುಡಿ ಮೆತ್ತುತ್ತಿತ್ತು. ಅದಕ್ಕಿಂತ ದೊಡ್ಡ ದೋಷ, ಚಾರ್ಜ್ ತೋರಿಸುವ ಹಸಿರು ದೀಪ. ಮೂರು ಸಲ ಪೂರ್ತಿ ಖಾಲಿ ಮಾಡಿ ನೋಡಿದೆ. ಮೂರೂ ಸಲ ಟಾರ್ಚು ಆರುವ ಗಳಿಗೆಯವರೆಗೂ ಹಸಿರೇ ಇತ್ತು. ಮುನ್ಸೂಚನೆ ಇಲ್ಲದೆ ಒಮ್ಮೆಲೇ ಕತ್ತಲೆ. ನೋಟ್‌ಬುಕ್ಕಿನಲ್ಲಿ "ಸುಳ್ಳು ಹೇಳುತ್ತದೆ" ಎಂದು ಬರೆದೆ.

ಮೂರನೆಯದು ಹಾಗಲ್ಲ. ಚಾರ್ಜು ಕಾಲುಭಾಗ ಇರುವಾಗಲೇ ಕೆಂಪು ತೋರಿಸುತ್ತಿತ್ತು. ಒತ್ತುಗುಂಡಿ ಬಾಲದಲ್ಲಿ, ಒತ್ತಲು ಗಟ್ಟಿ. ಚಾರ್ಜಿಂಗ್ ತೂತನ್ನು ತಿರುಗಿಸಿ ಮುಚ್ಚುವ ಲೋಹದ ಬಳೆ ಇತ್ತು. ಹಿಂದಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿದರೆ ಏನು ಒತ್ತಿದರೂ ಹೊತ್ತುತ್ತಿರಲಿಲ್ಲ. ಅಟ್ಟದಿಂದ ಕಲ್ಲುಹಾಸಿಗೆ ನಾಲ್ಕು ಸಲ ಬೀಳಿಸಿದೆ, ಭತ್ತ ನೆನೆಹಾಕುವ ತೊಟ್ಟಿಯ ನೀರಿನಲ್ಲಿ ಮುಳುಗಿಸಿದೆ. ನೆಗ್ಗಿತು, ಕೆಡಲಿಲ್ಲ. ಇದೇ ಎಂದು ನಿರ್ಧರಿಸಿದೆ.

ಪರೀಕ್ಷೆ ನಡೆದ ಈ ಮೂರು ವಾರಗಳಲ್ಲಿ ಎರಡು ಸಲ ಮಾಸೂರಿಗೆ ಹೋಗಿ ಗ್ರೀಸಿನವನನ್ನು ನೋಡಿ ಬಂದಿದ್ದೆ. ಹಣ್ಣು ಒಯ್ದಿದ್ದೆ, ಚಹಾ ಕುಡಿದಿದ್ದೆ, ಕೈ ಹೇಗಿದೆ ಎಂದು ಕೇಳಿದ್ದೆ.

ವರದಿ ಬರೆಯಲು ಕೂತ ದಿನ ಬಾಯ್ಲರಿನ ಹಿರಿಯ ನನ್ನ ಪಕ್ಕ ಬಂದು ಕುಳಿತ. ಒಲೆಗೆ ಹೊಟ್ಟು ನೂಕುವವನು, ಗಿರಣಿಯಲ್ಲಿ ಎಲ್ಲರಿಗಿಂತ ಹಳಬ.

"ತಮ್ಮಾ, ಗೋದಾಮ್ನ್ಯಾಗ ನೋಡಿದಿ, ಅಟ್ಟದ ಮ್ಯಾಲ ನೋಡಿದಿ, ನನ್ನ ಬಾಯ್ಲರ್ ಹಿಂದನೂ ಬಂದು ನೋಡಿದಿ," ಎಂದ. "ಗುಂಡ್ಯಾಗ ಇಳಿಸಿ ನೋಡಿದ್ಯೇನು?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಆ ಜಾಗಾ ಒಂದ ಬಿಟ್ಟಿಯಲ್ಲೋ."

ಅವನು ಏನನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವನಲ್ಲ; ಪರೀಕ್ಷೆ ಪೂರ್ತಿಯಾಗಲಿ ಎಂದಷ್ಟೇ. ಆದರೆ ಅಪಘಾತದ ದಿನದಿಂದ ನಾನು ಆ ಗುಂಡಿಗೆ ಇಳಿದಿರಲಿಲ್ಲ. ಮಾರನೆಯ ದಿನ ಅದನ್ನು ತೊಳೆದವನೂ, ಯಂತ್ರ ಮತ್ತೆ ಚಾಲೂ ಮಾಡಿದವನೂ ಬೇರೆ. ಗುಂಡಿಯ ಬಾಯಿಯ ಹತ್ತಿರ ಹಾಯಬೇಕಾದಾಗ ನಾನು ಸುತ್ತು ಹಾಕಿ ಹೋಗುತ್ತಿದ್ದೆ.

ಊಟದ ಹೊತ್ತಿಗೆ ಯಂತ್ರ ನಿಂತಾಗ ಮೂರನೆಯ ಟಾರ್ಚು ಹಿಡಿದು ಮೆಟ್ಟಿಲಿಳಿದೆ. ಕೆಳಗಿನ ಗಾಲಿ ಕಂಡಿತು, ಬೇರಿಂಗಿಗೆ ಗ್ರೀಸು ತುಂಬುವ ನಿಪ್ಪಲ್ ಕಂಡಿತು. ಬೆಳಕು ಚೈನಿನ ಮೇಲೆ ಹಾಯಿತು. ಚೈನಿನ ಸುತ್ತ ಚೌಕಟ್ಟಿನಲ್ಲಿ ನಾಲ್ಕು ತೂತುಗಳಿದ್ದವು. ಬೋಲ್ಟಿಲ್ಲದ, ತೌಡು ತುಂಬಿದ ನಾಲ್ಕು ತೂತು. ಆ ತೂತುಗಳಿಗೆ ಕೂರಬೇಕಾದ, ಚೈನನ್ನು ಮುಚ್ಚುವ ತಗಡಿನ ಗಾರ್ಡು ಮೂಲೆಯಲ್ಲಿ ಗೋಡೆಗೆ ಒರಗಿತ್ತು.

ಅದನ್ನು ಬಿಚ್ಚಿದವನು ನಾನು. ಹಿಂದಿನ ಸುಗ್ಗಿಯಲ್ಲಿ ಅದು ಬಾಗಿ ಚೈನಿಗೆ ತಾಗಿ ಸದ್ದು ಮಾಡುತ್ತಿತ್ತು. ನೆಟ್ಟಗೆ ಬಡಿದು ನಾಳೆ ಹಾಕಿದರಾಯಿತು ಎಂದು ಬಿಚ್ಚಿಟ್ಟಿದ್ದೆ. ಮರುದಿನ ಭತ್ತದ ಲಾರಿಗಳು ಸಾಲಾಗಿ ಬಂದವು. ಗಾರ್ಡು ಇಲ್ಲದಿದ್ದರೆ ಗ್ರೀಸು ಹಾಕಲೂ ಸಲೀಸು ಎಂದು ಆಮೇಲೆ ಅನಿಸಿತು. ಹಾಗೇ ಉಳಿಯಿತು.

ಮರೆತಿದ್ದೆ ಎಂದು ಬರೆಯಬಹುದು. ಆದರೆ ಮರೆತವನು ವಾರಗಟ್ಟಲೆ ಒಂದು ಗುಂಡಿಯನ್ನು ಸುತ್ತು ಹಾಕಿ ನಡೆಯುವುದಿಲ್ಲ.

ಮೇಲೆ ಹೋಗಿ ಸುತ್ತಿಗೆ, ಬೋಲ್ಟು ಬಿಗಿಯುವ ಪಾನೆ ತಂದೆ. ಗಾರ್ಡನ್ನು ಕಲ್ಲಿನ ಮೇಲಿಟ್ಟು ಬಡಿದು ಸಮ ಮಾಡಿದೆ. ತೂತುಗಳ ತೌಡು ಕೆರೆದು ನಾಲ್ಕು ಬೋಲ್ಟು ಹಾಕಿ ಬಿಗಿದೆ. ಕೈಗಡಿಯಾರ ನೋಡಿದೆ, ಆ ಮೂರು ವಾರದ ರೂಢಿಯಿಂದ. ಹನ್ನೆರಡು ನಿಮಿಷ ಹಿಡಿದಿತ್ತು.

ಗುಂಡಿಯಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಈಗ ಗಾರ್ಡು ಇತ್ತು. ಅದು ಇರಲಿಲ್ಲವೆಂದು ಹೇಳುವವರು ಯಾರೂ ಇರಲಿಲ್ಲ. ಇಲಾಖೆಯವರು ಬಂದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಟಾರ್ಚು ಕೈಯಲ್ಲಿತ್ತು, ವರದಿ ಅರ್ಧ ಬರೆದಾಗಿತ್ತು: ಕತ್ತಲೆ ಇತ್ತು, ಮೊಬೈಲ್ ಬಳಸಿದ್ದು ಅವನ ತಪ್ಪು. ನಾನು ಸುಮ್ಮನಿದ್ದರೆ ಸಾಕಿತ್ತು.

ನಾಲ್ಕು ದಿನ ಸುಮ್ಮನಿದ್ದೆ. ಮೂರು ಸಲ ವರದಿ ಬರೆದು ಮೂರು ಸಲ ಹರಿದೆ. ಪ್ರತಿ ಸಲವೂ ಎರಡನೆಯ ಹಾಳೆ ಸರಾಗವಾಗಿ ಬರುತ್ತಿತ್ತು, ಟಾರ್ಚಿನದು. ಮೊದಲ ಹಾಳೆಯಲ್ಲಿ "ಅವನ ತಪ್ಪು" ಎಂಬಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಕೊನೆಗೆ ರವಿವಾರ ಹಿರೇಕೆರೂರಿಗೆ ಹೋಗಿ ಅಲ್ಲಿಂದ ಮಾಸೂರಿನ ಬಸ್ಸು ಹತ್ತಿದೆ. ಆ ಸಲ ಹಣ್ಣು ಒಯ್ಯಲಿಲ್ಲ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಹೆಂಡತಿ ಗದ್ದೆಯ ಕೂಲಿಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಕೆರೆಯ ಕಡೆಯಿಂದ ತಂಪು ಗಾಳಿ ಬರುತ್ತಿತ್ತು.

ಕೂರುವ ಮೊದಲೇ ಹೇಳಿಬಿಟ್ಟೆ. "ಚೈನಿನ ಗಾರ್ಡ್ ನಾನ ಬಿಚ್ಚಿದ್ದೆ. ತಿರಿಗಿ ಹಾಕಲಿಲ್ಲ. ಅದು ಇದ್ದಿದ್ರ ನಿನ್ನ ಕೈಗೆ ಏನೂ ಆಗ್ತಿರಲಿಲ್ಲ."

ಅವನು ಗುಂಡಿ ಹಾಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಹೇಳಿದ, "ಗೊತ್ತೈತಣ್ಣಾ."

"ಏನ್ ಗೊತ್ತೈತಿ?"

"ಗಾರ್ಡ್ ಇಲ್ಲಂತ ದಿನಾ ನೋಡ್ತಿದ್ದೆ. ನೀವ ಬಿಚ್ಚೀರಂತನೂ ಗೊತ್ತಿತ್ತು. ಫಿಟರ್ ಬಿಚ್ಚ್ಯಾರಂದ್ರ ಏನರ ಕಾರಣ ಇರ್ತದ ಅಂತ ಸುಮ್ಮನಿದ್ದೆ." ಕೊನೆಯ ಗುಂಡಿ ಹಾಕಿ, "ಕತ್ತಲಿ ಅಂತ ಎಲ್ಲಾರೂ ಅಂತಾರ. ಮೊಬೈಲ್ ಬೆಳಕಿನ್ಯಾಗ ಛಲೋ ಕಾಣತಿತ್ತಣ್ಣಾ. ಅಂಗಿ ತೋಳು ಚೈನಿಗೆ ಸಿಕ್ತು, ಎಳಕೊಂತು. ಅಷ್ಟ," ಎಂದ.

"ಮತ್ತ ದವಾಖಾನ್ಯಾಗ ಯಾಕ ಹೇಳಲಿಲ್ಲ?"

"ನೀವು ಹೇಳ್ತೀರಂತ ತಿಳದಿದ್ದೆ."

ಅಷ್ಟರಲ್ಲಿ ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ದನಿ ಏರಿಸಲಿಲ್ಲ.

"ಎರಡ ಸಲ ಬಂದಿದ್ರಿ. ಮೋಸಂಬಿ ತಂದಿದ್ರಿ. ಇದ ಕಟ್ಟಿ ಮ್ಯಾಲ ಕುಂತು ಚಾ ಕುಡದ್ರಿ. ಆವಾಗ ಗೊತ್ತಿರಲಿಲ್ಲೇನ್ರಿ ನಿಮಗ?"

"ಗೊತ್ತಿತ್ತವ್ವಾ."

"ಊರ ಮಂದಿ ಎಲ್ಲಾ ಅಂದ್ರು, ಮೊಬೈಲ್ ನೋಡಿಕೋತ ಕೈ ಕಳಕೊಂಡಾನಂತ. ನಮ್ಮ ಅತ್ತಿನೂ ಅಂದ್ಳು. ನಾನೂ ನಂಬಿದೆ. ಬೆರಳ ಇಲ್ಲದ ಕೈಗೆ ಪಟ್ಟಿ ಸುತ್ತಿಕೋತ ಸುತ್ತಿಕೋತ ಇವನ್ನ ಬೈದೇನ್ರಿ ನಾನು." ಅವಳು ಗಂಡನ ಬಲಗೈ ನೋಡಿದಳು. "ಅದನ್ನ ಹೆಂಗ ವಾಪಸ್ ತಗೊಳ್ಳಲಿ, ಹೇಳ್ರಿ?"

ಗಂಡ "ಹೋಗ್ಲಿ ಬಿಡು" ಎಂದ. ಅವಳು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಚಹಾ ಬರಲಿಲ್ಲ. ನಾನು ಹೊರಟಾಗ ಅವನು ಎದ್ದು ನಿಂತ, ಬಸ್‌ಸ್ಟ್ಯಾಂಡಿನವರೆಗೆ ಬರಲಿಲ್ಲ.

ಅವತ್ತೇ ಸಂಜೆ ಬರೆದೆ. ಮೊದಲ ಹಾಳೆಯಲ್ಲಿ ಟಾರ್ಚಿನ ಮಾತಿಲ್ಲ. ಗಾರ್ಡನ್ನು ಯಾರು ಬಿಚ್ಚಿದರು, ಎಷ್ಟು ದಿನ ಅದು ಇರಲಿಲ್ಲ, ಅಪಘಾತದ ನಂತರ ಯಾರು, ಯಾವಾಗ ಮರಳಿ ಹಾಕಿದರು, ಓಡುವ ಯಂತ್ರಕ್ಕೆ ಗ್ರೀಸು ಹಾಕುವ ಪದ್ಧತಿ ನಮ್ಮಲ್ಲಿತ್ತು, ಗ್ರೀಸಿನವನು ಅದನ್ನು ಪಾಲಿಸಿದ ಅಷ್ಟೇ ಎಂದು ಬರೆದೆ. ಎರಡನೆಯ ಹಾಳೆಯಲ್ಲಿ ಮೂರನೆಯ ಟಾರ್ಚು, ಅದರ ಗುಣ, ದೋಷ. ಕೊನೆಗೆ ಒಂದು ಸಾಲು ಸೇರಿಸಿದೆ: ಒಳ್ಳೆಯ ಬೆಳಕು ಕೊಟ್ಟರೆ ಜನ ಓಡುವ ಯಂತ್ರದ ಹತ್ತಿರ ಇನ್ನಷ್ಟು ಧೈರ್ಯದಿಂದ ಹೋಗುತ್ತಾರೆ, ಆದ್ದರಿಂದ ಮೊದಲು ಯಂತ್ರ ನಿಲ್ಲಿಸಿ ಸ್ವಿಚ್ಚಿಗೆ ಬೀಗ, ಆಮೇಲೆ ಟಾರ್ಚು.

ಮಾಲೀಕರು ಓದುವಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬ್ಯಾಟರಿ ನೋಡು ಅಂದ್ರ ನೀ ಗಿರಣಿ ಬಾಗಲಾ ಹಾಕಿಸ್ತೀಯಲ್ಲೋ. ಎರಡನೇ ಹಾಳಿ ಇರ್ಲಿ. ಮೊದಲನೇದು ಹರದ ಒಗಿ."

"ಎರಡೂ ಕೂಡೇ ಇರ್ಲಿರಿ," ಎಂದೆ.

"ನಿನಗೇನಾಗ್ತದ ಗೊತ್ತೈತಿಲ್ಲೋ?"

"ಗೊತ್ತೈತ್ರಿ."

ಅವರು ಹರಿಯಲಿಲ್ಲ. ಹಾಳೆಗಳನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಇಲಾಖೆಯ ಅಧಿಕಾರಿ ಬಂದ ದಿನ ಅವು ಹೊರಗೆ ಬರಲಿಲ್ಲ. ನಾನು ಇನ್ನೊಂದು ಪ್ರತಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ. ಅಧಿಕಾರಿ ಗುಂಡಿಯ ಬಾಯಿಯಲ್ಲಿ ನಿಂತಾಗ ಮುಂದೆ ಹೋಗಿ ಕೊಟ್ಟೆ. ನಿಂತಲ್ಲೇ ಓದಿದರು.

"ಇದರ ಕೆಳಗೆ ಸಹಿ ಮಾಡ್ತೀರಾ?"

ಮಾಡಿದೆ. ನನ್ನ ಕೈಯಿಂದ ಟಾರ್ಚು ಇಸಿದುಕೊಂಡು ಅವರು ಗುಂಡಿಗೆ ಇಳಿದರು. ಬಹಳ ಹೊತ್ತು ಕೆಳಗೇ ಇದ್ದರು.

ಅಪಘಾತದ ಕಾಗದದಿಂದ "ಕಾರ್ಮಿಕನ ಅಜಾಗರೂಕತೆ" ಎಂಬ ಮಾತು ಹೋಯಿತು. ಪ್ರತಿ ಯಂತ್ರದ ಸ್ವಿಚ್ಚಿಗೂ ಬೀಗ ಬಂತು. ಕೆಳಗೆ ಇಳಿಯುವವನ ಹತ್ತಿರವೇ ಅದರ ಕೀಲಿ. ಮೂರನೆಯ ನಮೂನೆಯ ಟಾರ್ಚುಗಳೂ ಬಂದವು. ಹಂಚಿದವನು ನಾನಲ್ಲ. ಅದಕ್ಕೂ ಮೊದಲೇ ಮಾಲೀಕರು ನನ್ನನ್ನು ಕರೆದಿದ್ದರು.

"ನಿನ್ನ ಮ್ಯಾಲ ಸಿಟ್ಟಿಲ್ಲೋ," ಎಂದರು. ಸಿಟ್ಟು ನಿಜವಾಗಿಯೂ ಕಾಣಲಿಲ್ಲ. "ಆದ್ರ ಇನ್ನ ನೀ ಬಿಚ್ಚಿದ್ದನ್ನ ತಿರಿಗಿ ಹಾಕೀದಿ ಅಂತ ನಾ ಹೆಂಗ ನಂಬಲಿ?"

ನನ್ನ ಪಾನೆಗಳನ್ನು ಚೀಲದಲ್ಲಿ ತುಂಬಿಕೊಂಡು ಹೊರಬಿದ್ದೆ. ಮುಂದೆ ಶಿಗ್ಗಾಂವಿಯಲ್ಲಿ ಗೋವಿನಜೋಳದ ಯಂತ್ರ ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಒಂದು ಬೋಲ್ಟು ಹಾಕಿದ ಮೇಲೆ ಮೂರು ಸಲ ಮುಟ್ಟಿ ನೋಡುತ್ತೇನೆ. ಜೊತೆಯವರು ನಗುತ್ತಾರೆ.

ಕೆಲವು ತಿಂಗಳ ನಂತರ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಗ್ರೀಸಿನವನು ಕಂಡ. ಕೈ ತೋರಿಸಲು ದವಾಖಾನೆಗೆ ಬಂದಿದ್ದನಂತೆ. ನಾನೇ ಹತ್ತಿರ ಹೋದೆ.

"ನೀವು ಬರದುಕೊಟ್ಟದ್ದು ಕೇಳಿದೆ," ಎಂದ. "ಊರಾಗ ಈಗ ಯಾರೂ ನನಗ ಏನೂ ಅನ್ನೂದಿಲ್ಲ. ಅದೊಂದು ಛಲೋ ಆತು."

"ಒಮ್ಮೆ ಮನೀಗೆ ಬಂದು ಹೋಗ್ಲೇನು?"

ಅವನು ನೆಲ ನೋಡಿದ. "ಬ್ಯಾಡ್ರಿ ಅಣ್ಣಾ. ನನಗೇನಿಲ್ಲ. ಆಕಿಗೆ ಆಗೂದಿಲ್ಲ."

ಹಿರೇಕೆರೂರಿನ ಬಸ್ಸು ಬಂತು. ಬರ್ತೇನಿ ಎಂದು ಹೇಳಿ, ಎಡಗೈಯಿಂದ ಕಂಬಿ ಹಿಡಿದು ಹತ್ತಿದ. ಅವನಿಗಿಂತ ಮುಂಚೆಯೇ ಹೆಂಡತಿ ಹತ್ತಿ ಸೀಟು ಹಿಡಿದಿದ್ದಳು. ನಾನು ಅವಳನ್ನು ಕಂಡದ್ದು ಆಗ. ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ಮುಖ ತಿರುಗಿಸಿಕೊಳ್ಳುತ್ತಾಳೆ ಎಂದುಕೊಂಡೆ. ತಿರುಗಿಸಲಿಲ್ಲ. ಬಸ್ಸು ಹಿಂದೆ ಸರಿದು, ಹೊರಳಿ, ರಸ್ತೆಗೆ ಇಳಿಯುವವರೆಗೂ ನೋಡುತ್ತಲೇ ಇದ್ದಳು. ಕೈ ಮುಗಿಯಬೇಕೆಂದು ಎರಡೂ ಕೈ ಎತ್ತಿದೆ. ನನ್ನ ಹತ್ತೂ ಬೆರಳುಗಳು ಅವಳಿಗೆ ಕಾಣುತ್ತಿವೆ ಎಂದು ಹೊಳೆದು, ಇಳಿಸಿಬಿಟ್ಟೆ.